ದುಃಖಕ್ಕೆ ಒಂಬತ್ತು ಪ್ರಶ್ನೆ: ಪಿಎಚ್‌ಕ್ಯೂ-9 ಎಂಬ ಹಾಳೆಯ ವಿಮರ್ಶೆ

ವಿಮರ್ಶೆಗೆ ಎತ್ತಿಕೊಂಡಿರುವ ವಸ್ತು ಒಂದೇ ಒಂದು ಹಾಳೆ. ಅದಕ್ಕೆ ಬೆಲೆಯಿಲ್ಲ, ಅಂತರಜಾಲದಿಂದ ಇಳಿಸಿಕೊಂಡು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡರೆ ಆಯಿತು. ಕನ್ನಡವೂ ಸೇರಿದಂತೆ ಹತ್ತಾರು ಭಾಷೆಗಳಲ್ಲಿ ಅದು ದೊರೆಯುತ್ತದೆ. ಹೆಸರು ಪಿಎಚ್‌ಕ್ಯೂ-9 (ಪೇಷೆಂಟ್ ಹೆಲ್ತ್ ಕ್ವೆಶ್ಚನೇರ್), ಖಿನ್ನತೆಯನ್ನು ಗುರುತಿಸಿ ಅಳೆಯುವ ಪ್ರಶ್ನಾವಳಿ. ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ, ಕಂಪನಿಗಳು ನೌಕರರಿಗಾಗಿ ನಡೆಸುವ ಕ್ಷೇಮ ಕಾರ್ಯಕ್ರಮಗಳಲ್ಲಿ, ಕಾಲೇಜುಗಳ ಆಪ್ತಸಮಾಲೋಚನೆಯ ಕೊಠಡಿಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ಇದೇ ಒಂಬತ್ತು ಪ್ರಶ್ನೆಗಳು ಬೇರೆಬೇರೆ ವೇಷದಲ್ಲಿ ಎದುರಾಗುತ್ತವೆ. ಮಿಕ್ಸಿ ಕೊಳ್ಳುವ ಮುನ್ನ ಹತ್ತು ಜನರನ್ನು ವಿಚಾರಿಸುವ ನಾವು, ನಮ್ಮ ಮನಸ್ಸಿಗೆ ಅಂಕ ಕೊಡುವ ಈ ಸಾಧನವನ್ನು ತಯಾರಿಸಿದವರು ಯಾರು, ಅದು ಅಳೆಯುವುದು ಏನನ್ನು, ಅಳೆಯದೆ ಬಿಡುವುದು ಏನನ್ನು ಎಂದು ಕೇಳುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲು ಹಾಳೆಯನ್ನೇ ನೋಡೋಣ. ಕಳೆದ 2 ವಾರಗಳಲ್ಲಿ ಈ ಕೆಳಗಿನ ತೊಂದರೆಗಳು ಎಷ್ಟು ಸಲ ಕಾಡಿವೆ ಎಂಬ ಒಂದು ಸಾಲು ಮೇಲಿರುತ್ತದೆ. ಎಡಗಡೆ ಒಂಬತ್ತು ತೊಂದರೆಗಳು: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆಯ ತೊಂದರೆ, ಸುಸ್ತು, ಹಸಿವಿನ ಏರುಪೇರು, ತನ್ನ ಬಗ್ಗೆ ತನಗೇ ಕೀಳು ಭಾವನೆ, ಪತ್ರಿಕೆ ಓದುವಾಗಲೋ ಟಿ.ವಿ. ನೋಡುವಾಗಲೋ ಮನಸ್ಸು ನಿಲ್ಲದಿರುವುದು, ಇತರರ ಕಣ್ಣಿಗೆ ಬೀಳುವಷ್ಟು ನಿಧಾನವಾಗಿರುವುದು ಅಥವಾ ಅದಕ್ಕೆ ತದ್ವಿರುದ್ಧವಾದ ಚಡಪಡಿಕೆ, ಕೊನೆಯದಾಗಿ ಸತ್ತಿದ್ದರೇ ಮೇಲಾಗಿತ್ತು ಅಥವಾ ಏನಾದರೂ ಮಾಡಿಕೊಳ್ಳಬೇಕು ಎಂಬ ಆಲೋಚನೆ. ಬಲಗಡೆ ನಾಲ್ಕು ಅಂಕಣಗಳು. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ಪ್ರತಿದಿನ ಎಂದರೆ 3. ಎಲ್ಲ ಕೂಡಿದರೆ ಗರಿಷ್ಠ 27. 5ರಿಂದ 9 ಬಂದರೆ ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ಹೆಚ್ಚು, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ಇವೆಲ್ಲದರ ಕೆಳಗೆ ಅಂಕವಿಲ್ಲದ ಹತ್ತನೆಯ ಪ್ರಶ್ನೆಯೊಂದು ಇದೆ: ಈ ತೊಂದರೆಗಳಿಂದಾಗಿ ಕೆಲಸ ಮಾಡುವುದು, ಮನೆ ನೋಡಿಕೊಳ್ಳುವುದು, ಜನರೊಂದಿಗೆ ಹೊಂದಿಕೊಳ್ಳುವುದು ನಿಮಗೆ ಎಷ್ಟು ಕಷ್ಟವಾಗಿದೆ? ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತ್ಯಂತ ಬೆಲೆಯುಳ್ಳ ಪ್ರಶ್ನೆ ಇದು. ಮೊತ್ತಕ್ಕೆ ಸೇರದ ಕಾರಣ ಬಹಳಷ್ಟು ಕಡೆ ಇದನ್ನು ಕತ್ತರಿಸಿ ಹಾಕಿರುತ್ತಾರೆ.

ಹಾಳೆಯ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ತಯಾರಕರ ಹೆಸರುಗಳಿವೆ. ರಾಬರ್ಟ್ ಸ್ಪಿಟ್ಜರ್, ಜಾನೆಟ್ ವಿಲಿಯಮ್ಸ್, ಕರ್ಟ್ ಕ್ರೋಂಕೆ ಮತ್ತು ಸಂಗಡಿಗರು ಇದನ್ನು ಫೈಜರ್ ಕಂಪನಿಯ ಶೈಕ್ಷಣಿಕ ಅನುದಾನದಿಂದ ರೂಪಿಸಿದರು. ನಕಲು ಮಾಡಲು, ಅನುವಾದಿಸಲು, ಹಂಚಲು ಯಾರ ಅನುಮತಿಯೂ ಬೇಕಿಲ್ಲ ಎಂದೂ ಅಲ್ಲೇ ಬರೆದಿದೆ. ಔಷಧ ಕಂಪನಿಯೊಂದು ಇಷ್ಟು ಉದಾರವಾಗಿದ್ದರೆ ಓದುಗರು ಹುಬ್ಬೇರಿಸುವುದು ಸಹಜ. ಫೈಜರ್ ಆಗ ತಯಾರಿಸುತ್ತಿದ್ದ ಖಿನ್ನತೆಯ ಗುಳಿಗೆ ಸರ್ಟ್ರಲೀನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1991ರಲ್ಲಿ. ಅದನ್ನು ಹೆಚ್ಚಾಗಿ ಬರೆದುಕೊಡಬೇಕಾಗಿದ್ದವರು ಮನೋವೈದ್ಯರಿಗಿಂತ ಸಾಮಾನ್ಯ ವೈದ್ಯರು, ಅವರ ಬಳಿಯಾದರೋ ರೋಗಿಯೊಂದಿಗೆ ಮಾತನಾಡಲು ಸಮಯವಿರಲಿಲ್ಲ. 1994ರಲ್ಲಿ ಇದೇ ತಂಡ ಹೊರತಂದ ಹಿಂದಿನ ಸಾಧನಕ್ಕೆ ವೈದ್ಯರ ಸರಾಸರಿ 8.4 ನಿಮಿಷ ಬೇಕಾಗುತ್ತಿತ್ತು, ಅಷ್ಟೂ ದುಬಾರಿ ಎನಿಸಿದ್ದರಿಂದ ರೋಗಿಯೇ ಹೊರಗಿನ ಬೆಂಚಿನ ಮೇಲೆ ಕುಳಿತು ತುಂಬಿಕೊಡುವ ಹಾಳೆ ಹುಟ್ಟಿತು. ಇದರಲ್ಲಿ ಒಳಸಂಚು ಹುಡುಕಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ವ್ಯಾಪಾರಿಗೂ ವೈದ್ಯನಿಗೂ ಅವಸರದ ವಿಷಯದಲ್ಲಿ ಹಿತಾಸಕ್ತಿ ಒಂದೇ ಆಗಿತ್ತು, ಅಷ್ಟೆ.

ಅವಸರದಲ್ಲಿ ಹುಟ್ಟಿದ್ದರೂ ಸಾಧನ ಕಳಪೆಯಲ್ಲ. 2001ರಲ್ಲಿ ಪ್ರಕಟವಾದ ಮೂಲ ಅಧ್ಯಯನದಲ್ಲಿ 6,000 ರೋಗಿಗಳು ಇದನ್ನು ತುಂಬಿದ್ದರು. ಅವರ ಪೈಕಿ 580 ಮಂದಿಯನ್ನು ಮಾನಸಿಕ ಆರೋಗ್ಯದ ಪರಿಣತರು ಪ್ರತ್ಯೇಕವಾಗಿ ಸಂದರ್ಶಿಸಿದಾಗ, 10 ಅಥವಾ ಅದಕ್ಕಿಂತ ಹೆಚ್ಚು ಅಂಕವನ್ನು ಗಡಿಯಾಗಿಟ್ಟುಕೊಂಡರೆ ನಿಜವಾಗಿ ಖಿನ್ನತೆಯಿರುವ 100ರಲ್ಲಿ 88 ಮಂದಿಯನ್ನು ಹಾಳೆ ಹಿಡಿಯುತ್ತದೆ, ಖಿನ್ನತೆಯಿಲ್ಲದ 100ರಲ್ಲಿ 88 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದು ಕಂಡುಬಂತು. ಅನೇಕ ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ನಡೆಸಿದ ದೊಡ್ಡ ವಿಶ್ಲೇಷಣೆಯೂ ಹೆಚ್ಚುಕಡಿಮೆ ಇದೇ ಅಂಕಿಗಳನ್ನು ಕೊಟ್ಟಿತು. ಎರಡು ನಿಮಿಷಗಳಲ್ಲಿ ತುಂಬಬಹುದಾದ, ಕಾಸು ಖರ್ಚಿಲ್ಲದ ಹಾಳೆಯೊಂದು ಇಷ್ಟು ಕೆಲಸ ಮಾಡುವುದನ್ನು ಮೆಚ್ಚಲೇಬೇಕು.

ಆದರೆ ಈ ಅಂಕಿಗಳನ್ನು ಓದುವಲ್ಲಿ ಜನ ಎಡವುತ್ತಾರೆ. ಒಂದು ಸಾವಿರ ನೌಕರರ ಕಂಪನಿಯಲ್ಲಿ 50 ಮಂದಿಗೆ ನಿಜವಾದ ಖಿನ್ನತೆಯಿದೆ ಎಂದು ಇಟ್ಟುಕೊಳ್ಳಿ. ಹಾಳೆ ಅವರಲ್ಲಿ 44 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಮಂದಿಯಲ್ಲಿ ಶೇ. 12ರಷ್ಟು, ಎಂದರೆ 114 ಮಂದಿ, ಖಿನ್ನತೆಯಿಲ್ಲದೆಯೂ ಗಡಿ ದಾಟುತ್ತಾರೆ. ಒಟ್ಟು 158 ಮಂದಿಯ ಕೈಗೆ 'ಮಧ್ಯಮ' ಅಥವಾ ಅದಕ್ಕೂ ಮೇಲಿನ ಪಟ್ಟ ಬರುತ್ತದೆ, ಅವರಲ್ಲಿ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ ಜನರಿಗೆ ಆ ಕಾಯಿಲೆಯೇ ಇರುವುದಿಲ್ಲ. ಆ 114 ಮಂದಿ ಸುಖವಾಗಿದ್ದಾರೆಂದೂ ಅಲ್ಲ. ಯಾರೋ ರಾತ್ರಿ ಪಾಳಿಯವರು, ಯಾರೋ ಮೂರು ತಿಂಗಳ ಕೂಸಿನ ತಾಯಿ, ಯಾರದೋ ಗೃಹಸಾಲದ ಕಂತು ಬಾಕಿ, ಯಾರಿಗೋ ಹೊಸ ಮ್ಯಾನೇಜರ್. ಶೋಧಿಸುವ ಜರಡಿಯಾಗಿ ತಯಾರಾದ ವಸ್ತುವನ್ನು ತೀರ್ಪು ಕೊಡಲು ಕೂರಿಸಿದಾಗ ಹೀಗಾಗುತ್ತದೆ. 'ನಮ್ಮ ನಗರದ ಯುವಜನರಲ್ಲಿ ಇಷ್ಟು ಶೇಕಡಾ ಖಿನ್ನತೆ' ಎಂಬ ಸುದ್ದಿಶೀರ್ಷಿಕೆಗಳನ್ನು ಓದುವಾಗ, ಆ ಲೆಕ್ಕ ಪರಿಣತರ ಸಂದರ್ಶನದಿಂದ ಬಂದದ್ದೋ ಇಂತಹ ಹಾಳೆಯಿಂದ ಬಂದದ್ದೋ ಎಂದು ಮೊದಲು ನೋಡಬೇಕು. ಹಾಳೆಯ ಲೆಕ್ಕ ಸಂದರ್ಶನದ ಲೆಕ್ಕಕ್ಕಿಂತ ಸುಮಾರು ಇಮ್ಮಡಿ ಬರುತ್ತದೆ ಎಂಬುದು ಈ ಕ್ಷೇತ್ರದವರಿಗೆ ಗೊತ್ತಿರುವ ಸಂಗತಿ.

ಇದು ಬಳಕೆಯ ದೋಷ. ಇದಕ್ಕಿಂತ ಆಳದ ಪ್ರಶ್ನೆಯೊಂದು ಹಾಳೆಯ ರಚನೆಯಲ್ಲೇ ಇದೆ: ಒಂಬತ್ತರಲ್ಲಿ ಒಂದು ಪ್ರಶ್ನೆಯೂ 'ಏಕೆ' ಎಂದು ಕೇಳುವುದಿಲ್ಲ. ನಿದ್ದೆ ಬರಲಿಲ್ಲವೇ ಎಂದು ಕೇಳುತ್ತದೆ, ಏನಾಯಿತು ಎಂದು ಕೇಳುವುದಿಲ್ಲ. ನಮ್ಮ ಕಾವ್ಯಮೀಮಾಂಸೆಯನ್ನು ಅಷ್ಟಿಷ್ಟು ಓದಿದವರಿಗೆ ಈ ಕೊರತೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಭರತನ ನಾಟ್ಯಶಾಸ್ತ್ರ ಭಾವಗಳನ್ನು ಪಟ್ಟಿ ಮಾಡುವಾಗ ಶೋಕವನ್ನು ಮನಸ್ಸಿನಲ್ಲಿ ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳಲ್ಲಿ ಒಂದೆಂದು ಎಣಿಸುತ್ತದೆ, ಬಂದುಹೋಗುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ನಿರ್ವೇದ, ಗ್ಲಾನಿ, ಚಿಂತೆ, ವಿಷಾದಗಳ ಜೊತೆಗೆ ವ್ಯಾಧಿ, ಉನ್ಮಾದ, ಅಪಸ್ಮಾರಗಳನ್ನೂ ಸೇರಿಸುತ್ತದೆ. ಎಂದರೆ ಭಾವ ಮತ್ತು ರೋಗಗಳ ನಡುವೆ ಅಲ್ಲಿ ಗೋಡೆಯಿಲ್ಲ. ಆದರೆ ಪ್ರತಿಯೊಂದು ಭಾವಕ್ಕೂ ಅದನ್ನು ಹುಟ್ಟಿಸುವ ವಿಭಾವವನ್ನೂ ಅದು ಹೊರಗೆ ತೋರುವ ಅನುಭಾವವನ್ನೂ ಜೊತೆಯಾಗಿಯೇ ಹೇಳಲಾಗಿದೆ. ಪಿಎಚ್‌ಕ್ಯೂ-9 ಅನುಭಾವಗಳ ಅಚ್ಚುಕಟ್ಟಾದ ಪಟ್ಟಿ. ವಿಭಾವದ ಅಂಕಣವನ್ನು ಅದರಿಂದ ತೆಗೆದುಹಾಕಲಾಗಿದೆ.

'ತೆಗೆದುಹಾಕಲಾಗಿದೆ' ಎಂದು ಬೇಕೆಂದೇ ಬರೆದೆ, ಏಕೆಂದರೆ ಅದು ಮೊದಲು ಇತ್ತು. ಯುರೋಪಿನ ವೈದ್ಯಶಾಸ್ತ್ರದಲ್ಲಿ ಹಿಪೊಕ್ರೇಟಿಸನ ಪರಂಪರೆಯಿಂದ ಹಿಡಿದು ಶತಮಾನಗಳ ಕಾಲ, ದೇಹದ ಕಪ್ಪು ಪಿತ್ತದಿಂದ ಹುಟ್ಟುತ್ತದೆಂದು ನಂಬಲಾದ ಮೆಲಂಕೋಲಿಯಾ ಎಂಬ ರೋಗವನ್ನು ಸಾಮಾನ್ಯ ದುಃಖದಿಂದ ಬೇರ್ಪಡಿಸಲು ವೈದ್ಯರು ಕೇಳುತ್ತಿದ್ದ ಮುಖ್ಯ ಪ್ರಶ್ನೆ, ಈ ದುಃಖಕ್ಕೆ ತಕ್ಕ ಕಾರಣವಿದೆಯೇ ಎಂಬುದು. 1917ರಷ್ಟು ಈಚೆಗೆ ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ ಸಹ, ಆಪ್ತರನ್ನು ಕಳೆದುಕೊಂಡವರ ಶೋಕವನ್ನು ರೋಗವೆಂದು ಪರಿಗಣಿಸಿ ವೈದ್ಯರಲ್ಲಿಗೆ ಕಳುಹಿಸಬೇಕೆಂದು ಯಾರಿಗೂ ತೋಚುವುದಿಲ್ಲ ಎಂದು ಬರೆದಿದ್ದ. ಚರಕಸಂಹಿತೆ ಬೇರೊಂದು ದಾರಿಯಲ್ಲಿ ಅದೇ ಕಡೆಗೆ ಬರುತ್ತದೆ: ಭಯದಿಂದಲೂ ಶೋಕದಿಂದಲೂ ಅತಿಸಾರ ಹುಟ್ಟಬಹುದು ಎಂದು ಅದು ಹೇಳುತ್ತದೆ. ಭಾವ ಅಲ್ಲಿ ರೋಗಕ್ಕೆ ಮೂಲ, ಆದ್ದರಿಂದ ಅದನ್ನು ವಿಚಾರಿಸದೆ ಚಿಕಿತ್ಸೆಯಿಲ್ಲ.

ಬದಲಾವಣೆ ಬಂದದ್ದು 1980ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಮ್‌ನ ಮೂರನೆಯ ಆವೃತ್ತಿಯನ್ನು ಆ ವರ್ಷ ಪ್ರಕಟಿಸಿತು. ಅದನ್ನು ರೂಪಿಸಿದ ಸಮಿತಿಯ ಮುಖ್ಯಸ್ಥರು ಇದೇ ರಾಬರ್ಟ್ ಸ್ಪಿಟ್ಜರ್. ಅದಕ್ಕೂ ಮುನ್ನ ಮನೋವೈದ್ಯರ ನಡುವೆ ಒಮ್ಮತವಿರಲಿಲ್ಲ. ಒಂದೇ ಬಗೆಯ ರೋಗಿಯನ್ನು ನ್ಯೂಯಾರ್ಕಿನ ವೈದ್ಯರು ಸ್ಕಿಜೋಫ್ರೀನಿಯಾ ಎಂದರೆ ಲಂಡನ್ನಿನ ವೈದ್ಯರು ಖಿನ್ನತೆಯೋ ಉನ್ಮಾದವೋ ಎನ್ನುತ್ತಿದ್ದರು, ಎರಡೂ ನಗರಗಳನ್ನು ಹೋಲಿಸಿ ನಡೆಸಿದ ಅಧ್ಯಯನವೇ ಇದನ್ನು ಬಯಲು ಮಾಡಿತ್ತು. ಕಾರಣಗಳ ಬಗ್ಗೆ ಪಂಥಕ್ಕೊಂದು ವಾದವಿದ್ದುದರಿಂದ ಕಾರಣಗಳನ್ನೇ ಬದಿಗಿಟ್ಟು, ಎಲ್ಲರ ಕಣ್ಣಿಗೂ ಒಂದೇ ರೀತಿ ಕಾಣುವ ಲಕ್ಷಣಗಳನ್ನು ಮಾತ್ರ ಎಣಿಸೋಣ ಎಂಬುದು ಸ್ಪಿಟ್ಜರ್ ತಂಡದ ನಿರ್ಧಾರ. ಇಂತಿಷ್ಟರಲ್ಲಿ ಇಷ್ಟು ಲಕ್ಷಣ, ಕನಿಷ್ಠ 2 ವಾರ: ಖಿನ್ನತೆಯ ವ್ಯಾಖ್ಯೆ ಇಷ್ಟಕ್ಕೆ ಬಂದು ನಿಂತಿತು. ವೈದ್ಯರ ನಡುವಿನ ಜಗಳ ತಗ್ಗಿತು, ಸಂಶೋಧನೆ ಸುಲಭವಾಯಿತು, ವಿಮಾ ಕಂಪನಿಗಳಿಗೆ ಅರ್ಥವಾಗುವ ಭಾಷೆಯೂ ಸಿಕ್ಕಿತು. ಈ ಲಾಭಗಳು ಸಣ್ಣವಲ್ಲ. ಇದೇ ಸ್ಪಿಟ್ಜರ್ 1973ರಲ್ಲಿ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಸಿದವರಲ್ಲಿ ಪ್ರಮುಖರು ಎಂಬುದನ್ನೂ ನೆನೆಯಬೇಕು. ಆದರೆ ಕೈಪಿಡಿಯಲ್ಲಿ ವೈದ್ಯರಿಗಾಗಿ ಬರೆದ ಲಕ್ಷಣಗಳ ಪಟ್ಟಿ ಎರಡು ದಶಕಗಳೊಳಗೆ ರೋಗಿಗಳೇ ಗುರುತು ಹಾಕುವ ಹಾಳೆಯಾಯಿತು, ಅಲ್ಲಿಂದ ಮುಂದೆ ಯಾರ ಕೈಯಲ್ಲೂ ಇರಬಹುದಾದ ಮೊಬೈಲಿಗೆ ಇಳಿಯಿತು.

ಕಾರಣವನ್ನು ಬಿಟ್ಟ ಆ ಕೈಪಿಡಿಯೂ ಒಂದು ಕಾರಣಕ್ಕೆ ಮಾತ್ರ ವಿನಾಯಿತಿ ಕೊಟ್ಟಿತ್ತು, ಅದು ಸಾವು. ಆಪ್ತರು ತೀರಿಕೊಂಡ ಮೇಲೆ ಈ ಲಕ್ಷಣಗಳು ಕಂಡರೆ ತಕ್ಷಣ ಖಿನ್ನತೆ ಎನ್ನಬಾರದು ಎಂದಿತ್ತು. 1994ರ ನಾಲ್ಕನೆಯ ಆವೃತ್ತಿ ಆ ಅವಧಿಯನ್ನು 2 ತಿಂಗಳು ಎಂದು ಗೊತ್ತುಪಡಿಸಿತು. 2013ರ ಐದನೆಯ ಆವೃತ್ತಿ ವಿನಾಯಿತಿಯನ್ನೇ ತೆಗೆದುಹಾಕಿತು. ನೌಕರಿ ಹೋದದ್ದು, ಮದುವೆ ಮುರಿದದ್ದು ಯಾವುದಕ್ಕೂ ಇಲ್ಲದ ರಿಯಾಯಿತಿ ಸಾವಿಗೇಕೆ, ಶೋಕದಲ್ಲಿರುವವರಿಗೂ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುವುದಿಲ್ಲವೇ ಎಂಬುದು ಸಮರ್ಥಕರ ವಾದವಾಗಿತ್ತು. ವಾದದಲ್ಲಿ ಹುರುಳಿದೆ, ಆದರೆ ಅದೇ ವಾದವನ್ನು ತಿರುಗಿಸಿ, ನೌಕರಿ ಮತ್ತು ಮದುವೆಗಳಿಗೂ ರಿಯಾಯಿತಿ ಕೊಡೋಣ ಎಂದೂ ತೀರ್ಮಾನಿಸಬಹುದಿತ್ತಲ್ಲ! 2022ರ ಪರಿಷ್ಕರಣೆಯಲ್ಲಿ ದೀರ್ಘಶೋಕ ಎಂಬ ಪ್ರತ್ಯೇಕ ಕಾಯಿಲೆಯೇ ಸೇರಿತು. ವಯಸ್ಕರಲ್ಲಿ ಸಾವು ಸಂಭವಿಸಿ 12 ತಿಂಗಳಾಗಿರಬೇಕು ಎಂಬುದು ಅದರ ನಿಯಮ. ಹೀಗಾಗಿ ಈಗಿನ ಕೈಪಿಡಿಯ ಪ್ರಕಾರ, ತಾಯಿ ಸತ್ತ ಮೂರನೆಯ ವಾರದಲ್ಲಿ ಒಬ್ಬರಿಗೆ ಖಿನ್ನತೆಯೆಂಬ ಹಣೆಪಟ್ಟಿ ಅಂಟಬಹುದು, ಶೋಕ ಅತಿಯಾಯಿತು ಎನ್ನಲು ಮಾತ್ರ ವರ್ಷ ತುಂಬಬೇಕು.

ವರ್ಷದ ಲೆಕ್ಕ ನಮಗೆ ಹೊಸದೇನಲ್ಲ. ಸೂತಕ, ಹದಿಮೂರನೆಯ ದಿನದ ಊಟ, ಮಾಸಿಕ, ವರ್ಷಾಬ್ದಿಕ ಎಂದು ಅನೇಕ ಮನೆಗಳಲ್ಲಿ ಶೋಕಕ್ಕೆ ಮೆಟ್ಟಿಲುಗಳಿವೆ. ಆ ವರ್ಷ ಹಬ್ಬವಿಲ್ಲ, 'ಏಕೆ ಸಪ್ಪಗಿದ್ದೀರಿ' ಎಂದು ಯಾರೂ ಕೇಳುವುದಿಲ್ಲ. ಇದನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಗಂಡ ಸತ್ತ ಹೆಣ್ಣಿನ ಪಾಲಿಗೆ ಇದೇ ಸಮಾಜ ಆ ವರ್ಷವನ್ನು ಮುಗಿಯಗೊಡದೆ, ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದುಂಟು. ದುಃಖದ ಅವಧಿಯನ್ನು ಸಮಾಜ ನಿರ್ಧರಿಸಿದರೂ ವೈದ್ಯರು ನಿರ್ಧರಿಸಿದರೂ ಯಾರಿಗೆ ಎಷ್ಟು ಎಂಬ ಪ್ರಶ್ನೆಯಲ್ಲಿ ಅಧಿಕಾರ ಅಡಗಿಯೇ ಇರುತ್ತದೆ.

ಹಾಳೆಯ ತಯಾರಕರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹಾಳೆಯೊಂದಿಗೆ ವೈದ್ಯರಿಗಾಗಿ ಅವರು ಕೊಟ್ಟ ಸೂಚನೆಗಳಲ್ಲಿ, ಖಿನ್ನತೆ ಎಂದು ತೀರ್ಮಾನಿಸುವ ಮುನ್ನ ಸಹಜವಾದ ಶೋಕ, ಹಿಂದೆಂದಾದರೂ ಉನ್ಮಾದದ (ಮಿತಿಮೀರಿದ ಉತ್ಸಾಹದ) ಅವಧಿ ಬಂದು ಹೋಗಿರುವ ಸಾಧ್ಯತೆ, ಈ ಲಕ್ಷಣಗಳನ್ನು ಉಂಟುಮಾಡಬಲ್ಲ ದೈಹಿಕ ಕಾಯಿಲೆ ಅಥವಾ ಔಷಧ ಇವುಗಳನ್ನು ಪರಿಶೀಲಿಸಿ ಬದಿಗಿಡಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಒಂಬತ್ತು ಪ್ರಶ್ನೆಗಳು ಜಗತ್ತನ್ನು ಸುತ್ತಿದವು, ಈ ಸೂಚನೆ ಮಾತ್ರ ಹಿಂದೆಯೇ ಉಳಿಯಿತು. ಈ ಉತ್ಪನ್ನದ ಬಗ್ಗೆ ನನ್ನ ಮುಖ್ಯ ದೂರು ಇದೇ: ಬಳಕೆಯ ಎಚ್ಚರಿಕೆ ಸರಕಿನ ಮೇಲೆಯೇ ಅಚ್ಚಾಗಿಲ್ಲ.

ಹಾಗಾದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಅತ್ತಿಗೆ ತಾಯಿಯನ್ನು ಕಳೆದುಕೊಂಡು ಒಂದೂವರೆ ತಿಂಗಳಾಗಿತ್ತು. ಮಗ ಬಲವಂತ ಮಾಡಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಪೂರ್ಣ ದೇಹ ತಪಾಸಣೆಯ ಪ್ಯಾಕೇಜ್ ಮಾಡಿಸಿದ. ರಕ್ತ ಕೊಟ್ಟು, ಆಸ್ಪತ್ರೆಯವರೇ ಕೊಡುವ ಇಡ್ಲಿಗಾಗಿ ಕಾಯುತ್ತ ಕುಳಿತಿದ್ದಾಗ ಒಬ್ಬ ಹುಡುಗಿ ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿದ ಹಾಳೆ ತಂದುಕೊಟ್ಟಳು. ಅತ್ತಿಗೆ ಪ್ರಾಮಾಣಿಕವಾಗಿ ತುಂಬಿದರು. ಮನಸ್ಸು ಕುಗ್ಗಿರುವುದಕ್ಕೆ 3, ನಿದ್ದೆಗೆ 3, ಆಸಕ್ತಿ, ಸುಸ್ತು, ಹಸಿವು ಇವಕ್ಕೆ ಎರಡೆರಡು. ತನ್ನ ಬಗ್ಗೆ ಬೇಸರ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಯೋಚಿಸಿ, 'ಇನ್ನೊಂದು ದಿನ ಮೊದಲೇ ಅಮ್ಮನನ್ನು ಸೇರಿಸಬೇಕಿತ್ತು ಅನ್ನಿಸುತ್ತೆ, ಅದಕ್ಕೆ ಎಷ್ಟು ಹಾಕಲಿ?' ಎಂದು ನನ್ನನ್ನು ಕೇಳಿ, 1 ಎಂದು ಗುರುತಿಸಿದರು. ಸಂಜೆ ಬಂದ ವರದಿಯಲ್ಲಿ ಕೊಲೆಸ್ಟರಾಲ್ ಮತ್ತು ವಿಟಮಿನ್ ಡಿ ನಡುವಿನ ಸಾಲಿನಲ್ಲಿ '13: ಮಧ್ಯಮ ಖಿನ್ನತೆ' ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು. ಮರುದಿನ ಆರು ಸಮಾಲೋಚನೆಗಳ ಪ್ಯಾಕೇಜಿಗೆ ರಿಯಾಯಿತಿ ಇದೆ ಎಂಬ ಸಂದೇಶ ಮೊಬೈಲಿಗೆ ಬಂತು. ಮಗನಿಗೆ ಗಾಬರಿ. ಅತ್ತಿಗೆಗೆ ಗಾಬರಿಗಿಂತ ಹೆಚ್ಚಾಗಿ ನಾಚಿಕೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ಅಂಕ ಸುಳ್ಳಾಗಿರಲಿಲ್ಲ, ಅವರು ಅನುಭವಿಸುತ್ತಿದ್ದುದೆಲ್ಲ ಅದರಲ್ಲಿತ್ತು. ವರದಿಯನ್ನು ನಮ್ಮ ಬಡಾವಣೆಯ ವೈದ್ಯರಿಗೆ ತೋರಿಸಿದೆವು. ಅವರು ಮೊದಲು ನೋಡಿದ್ದು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಸಾಲುಗಳನ್ನು. ಥೈರಾಯ್ಡ್ ಗ್ರಂಥಿ ಮಂದವಾದರೂ ಸುಸ್ತು, ಸಪ್ಪಗಿರುವುದು, ಆಸಕ್ತಿ ಇಲ್ಲದಿರುವುದು ಎಲ್ಲ ಬರುತ್ತದಂತೆ. ಆಮೇಲೆ ಹಾಳೆಯನ್ನು ಬದಿಗಿಟ್ಟು, 'ಏನಾಯ್ತಮ್ಮಾ? ಯಾವಾಗಿಂದ ಹೀಗೆ? ಮುಂಚೆ ಯಾವಾಗಲಾದರೂ ಹೀಗಾಗಿತ್ತಾ? ಮನೇಲಿ ಜೊತೆಗೆ ಯಾರಿದ್ದಾರೆ?' ಎಂದು ಕೇಳಿದರು. ಹಾಳೆ ಕೇಳದ ನಾಲ್ಕು ಪ್ರಶ್ನೆಗಳು ಅವು, ಹಿಡಿದದ್ದು ಹತ್ತು ನಿಮಿಷ. ಗುಳಿಗೆ ಬರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ತಿಂಗಳು ಬಿಟ್ಟು ಬರಬೇಕು, ನಿದ್ದೆ ಇನ್ನೂ ಕೆಟ್ಟರೆ ಅಥವಾ ಬದುಕೇ ಬೇಡ ಎನ್ನಿಸಿದರೆ ಕಾಯದೆ ಅದೇ ದಿನ ಬರಬೇಕು ಎಂದರು. ಅದೇ ಹಾಳೆ, ಅದೇ 13.

ದೇಹದ ಮಾತು ಬಂದದ್ದರಿಂದ ಇನ್ನೊಂದು ಕೊರತೆಯನ್ನು ಹೇಳಬೇಕು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಮನಸ್ಸಿನ ಸಂಕಟ ಬಹಳ ಸಲ ಮೈಯ ಮೂಲಕವೇ ಬಾಗಿಲು ತಟ್ಟುತ್ತದೆ: ತಲೆಭಾರ, ಮೈಕೈ ನೋವು, ಎದೆಯುರಿ, ಅಂಗಾಲು ಉರಿ, ಕೈಕಾಲು ಜೋಮು. ಪಿಎಚ್‌ಕ್ಯೂ-9ರಲ್ಲಿ ಇವುಗಳಿಗೆ ಜಾಗವಿಲ್ಲ. ಅದೇ ತಂಡ ಮೈಯ ದೂರುಗಳಿಗಾಗಿ ಪಿಎಚ್‌ಕ್ಯೂ-15 ಎಂಬ ಬೇರೆ ಹಾಳೆ ಮಾಡಿದೆ, ಆದರೆ ಪ್ಯಾಕೇಜುಗಳಲ್ಲಿ ಅದು ಕಾಣುವುದು ಅಪರೂಪ. ಈ ವಿಷಯದಲ್ಲಿ ಕರ್ನಾಟಕದಲ್ಲೇ ನಡೆದ ಹಳೆಯ ಕೆಲಸವೊಂದು ನೆನಪಾಗುತ್ತದೆ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಉಡುಪಿ ಕಡೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ ಮಾನಸಿಕ ತೊಂದರೆಗಳ ಸಮೀಕ್ಷೆ ನಡೆಸಿ 1976ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಕಪೂರ್ ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಅವರೂ ಲಕ್ಷಣಗಳನ್ನು ಎಣಿಸಿದರು, ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನ ಕಟ್ಟಿನಿಂದ ತಂದೆಯಿಂದ ಮಕ್ಕಳಿಗೆ ಸಾಗುವ ಮಕ್ಕಳಸಂತಾನದ ಕಡೆಗೆ ಮನೆತನಗಳು ಹೊರಳುತ್ತಿದ್ದ ಕಾಲವದು, ಆ ಬದಲಾವಣೆಗೂ ಜನರ ಸಂಕಟಕ್ಕೂ ಏನು ಸಂಬಂಧ ಎಂದು ವಿಚಾರಿಸಿದರು. ಜನ ವೈದ್ಯರ ಬಳಿಯಷ್ಟೇ ಹೋಗದೆ ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿಗಳ ಬಳಿಗೂ ಏಕೆ ಹೋಗುತ್ತಾರೆ ಎಂಬುದನ್ನು ಹೀಗಳೆಯದೆ ದಾಖಲಿಸಿದರು. ಎರಡು ನಿಮಿಷದ ಹಾಳೆಯಿಂದ ಇಷ್ಟನ್ನು ನಿರೀಕ್ಷಿಸುವುದು ಅನ್ಯಾಯ. ಆದರೆ ಎಣಿಕೆಯನ್ನೂ ಕಾರಣವನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವಿತ್ತು ಎಂಬುದಕ್ಕೆ ಕೋಟ ಸಾಕ್ಷಿ.

ಭಾವನೆಗಳು ರೋಗಗಳ ಪಟ್ಟಿಗೆ ಬಂದುಹೋಗುವ ಚರಿತ್ರೆ ತಿಳಿದಿದ್ದರೆ ಈ ಹಾಳೆಯ ಮುಂದೆ ಕುಳಿತಾಗ ಸ್ವಲ್ಪ ಧೈರ್ಯ ಬರುತ್ತದೆ. 1688ರಲ್ಲಿ ಬಾಸೆಲ್‌ನ ವಿಶ್ವವಿದ್ಯಾಲಯಕ್ಕೆ ಯೋಹಾನೆಸ್ ಹೋಫರ್ ಎಂಬ ವಿದ್ಯಾರ್ಥಿ ಒಪ್ಪಿಸಿದ ಪ್ರಬಂಧ ಊರಿನ ನೆನಪಿನಲ್ಲಿ ಕೊರಗುವುದನ್ನು ನೊಸ್ಟಾಲ್ಜಿಯಾ ಎಂದು ಕರೆದು ಕಾಯಿಲೆಯೆಂದು ವರ್ಣಿಸಿತು. ಪರದೇಶಗಳಲ್ಲಿ ಕೂಲಿಗೆ ಕಾದಾಡುತ್ತಿದ್ದ ಸ್ವಿಸ್ ಸೈನಿಕರ ಕಾಯಿಲೆಯೆಂದೇ ಅದು ಹೆಸರಾಯಿತು, ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಅಂತರ್ಯುದ್ಧದಲ್ಲೂ ಸೇನಾ ವೈದ್ಯರು ಆ ಹೆಸರನ್ನು ದಾಖಲೆಗಳಲ್ಲಿ ಬರೆಯುತ್ತಿದ್ದರು. ಹೋಫರ್ ಹೇಳಿದ ಚಿಕಿತ್ಸೆಗಳಲ್ಲಿ ಮುಖ್ಯವಾದದ್ದು ರೋಗಿಯನ್ನು ಊರಿಗೆ ಕಳುಹಿಸುವುದು! ಕಾರಣ ಗೊತ್ತಿದ್ದುದರಿಂದ ಮದ್ದೂ ಗೊತ್ತಿತ್ತು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಅಮೆರಿಕದ ವೈದ್ಯ, ಒಡೆಯನನ್ನು ಬಿಟ್ಟು ಓಡಿಹೋಗುವ ಗುಲಾಮರ ಹಂಬಲಕ್ಕೂ ಒಂದು ರೋಗದ ಹೆಸರಿಟ್ಟ. ಅಲ್ಲಿ ರೋಗ ಯಾರದಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಜಪಾನಿನಲ್ಲಿ 2000ದ ಆಸುಪಾಸಿನಲ್ಲಿ ಹೊಸ ಗುಳಿಗೆಗಳು ಮಾರುಕಟ್ಟೆಗೆ ಬಂದಾಗ ಖಿನ್ನತೆಯನ್ನು 'ಮನಸ್ಸಿನ ನೆಗಡಿ' ಎಂದು ಪರಿಚಯಿಸುವ ಮಾತು ಹಬ್ಬಿತು. ಯಾರಿಗಾದರೂ ಬರಬಹುದು, ನಾಚಬೇಕಿಲ್ಲ ಎಂಬ ಸಮಾಧಾನ ಅದರಲ್ಲಿತ್ತು, ಗುಳಿಗೆ ನುಂಗಿದರೆ ಆಯಿತು ಎಂಬ ಸೂಚನೆಯೂ ಇತ್ತು.

ಇಷ್ಟೆಲ್ಲ ಓದಿ, ಖಿನ್ನತೆಯೆಂಬುದೇ ಕಂಪನಿಗಳು ಕಟ್ಟಿದ ಕಥೆ ಎಂದು ಯಾರೂ ತೀರ್ಮಾನಿಸಬಾರದು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಖಿನ್ನತೆಯಿರುವವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ದುಃಖವನ್ನು ಕಾಯಿಲೆ ಮಾಡುವ ಆತುರ ಒಂದು ಕಡೆ, ಕಾಯಿಲೆಯನ್ನು 'ಎಲ್ಲ ಸರಿಹೋಗುತ್ತೆ ಬಿಡು' ಎಂದು ತಳ್ಳಿಹಾಕುವ ರೂಢಿ ಇನ್ನೊಂದು ಕಡೆ. ದುಬಾರಿ ಪ್ಯಾಕೇಜ್ ಕೊಳ್ಳಬಲ್ಲವರಿಗೆ ಮೊದಲನೆಯ ಅಪಾಯ, ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಎರಡನೆಯದು. ಆ ಸಾಲಿನಲ್ಲಿ ಈ ಹಾಳೆ ನಿಜಕ್ಕೂ ಉಪಕಾರಿ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಿಎಚ್‌ಕ್ಯೂ-9ರಲ್ಲಿ 14ಕ್ಕಿಂತ ಹೆಚ್ಚು ಅಂಕ ಪಡೆದವರನ್ನು ಆಯ್ದುಕೊಂಡರು. ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಅವರೊಂದಿಗೆ ಕೆಲವು ಸಲ ಕುಳಿತು ಮಾತನಾಡಿ, ಬದುಕಿನಲ್ಲಿ ಮತ್ತೆ ತೊಡಗಿಕೊಳ್ಳಲು ನೆರವಾದರು. ಮಾಮೂಲಿ ಆರೈಕೆಗಿಂತ ಅದರಿಂದ ಹೆಚ್ಚು ಗುಣ ಕಂಡಿತು. ಗಡಿಯನ್ನು 10ರ ಬದಲು ಮೇಲಿಟ್ಟದ್ದು, ಹಾಳೆಯ ಬೆನ್ನಿಗೆ ಮಾತನಾಡುವ ಮನುಷ್ಯರನ್ನು ಇಟ್ಟದ್ದು, ಇವೆರಡೂ ಅಲ್ಲಿ ಗಮನಿಸಬೇಕಾದವು. ತಿಂಗಳಿನಿಂದ ತಿಂಗಳಿಗೆ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಸಹ ಇದಕ್ಕಿಂತ ಅನುಕೂಲವಾದ ಸಾಧನವನ್ನು ನಾನು ಕಂಡಿಲ್ಲ. ಒಬ್ಬರೇ ವ್ಯಕ್ತಿಯ ಅಂಕವನ್ನು ಅವರದೇ ಹಿಂದಿನ ಅಂಕದೊಂದಿಗೆ ಹೋಲಿಸುವಾಗ ಹಾಳೆಯ ಅರ್ಧಕ್ಕರ್ಧ ದೋಷಗಳು ತಾವಾಗಿಯೇ ಕಳೆದುಹೋಗುತ್ತವೆ.

ಒಂಬತ್ತನೆಯ ಪ್ರಶ್ನೆಗಾಗಿಯಂತೂ ಈ ಹಾಳೆಗೆ ನಾನು ಋಣಿ. ಸಾಯಬೇಕೆನ್ನಿಸುತ್ತದೆಯೇ ಎಂದು ಬಾಯಿಬಿಟ್ಟು ಕೇಳಲು ಮನೆಯವರಿಗೂ ಎಷ್ಟೋ ವೈದ್ಯರಿಗೂ ನಾಲಗೆ ಏಳುವುದಿಲ್ಲ, ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ತುಂಬಿದಂತಾದೀತು ಎಂಬ ತಪ್ಪು ಭಯ ಬೇರೆ. ಹಾಳೆ ನಾಚದೆ ಕೇಳುತ್ತದೆ. ಆದರೆ ಇಲ್ಲಿಯೂ ಅಂಕಗಳನ್ನು ಕೂಡುವ ಪದ್ಧತಿ ಒಂದು ಎಡವಟ್ಟು ಮಾಡುತ್ತದೆ: ಉಳಿದೆಲ್ಲಕ್ಕೂ ಸೊನ್ನೆ ಹಾಕಿ ಇದೊಂದಕ್ಕೆ 3 ಹಾಕಿದವರ ಮೊತ್ತ ಬರೀ 3, ಹಾಳೆಯ ಲೆಕ್ಕದಲ್ಲಿ ಅವರು ಆರಾಮಾಗಿದ್ದಾರೆ. ಹೀಗಾಗಿ ಇದಕ್ಕೆ ಬಂದ ಉತ್ತರವನ್ನು ಮೊತ್ತದಿಂದ ಬಿಡಿಸಿ ಬೇರೆಯಾಗಿಯೇ ಓದಬೇಕು.

ಬಳಸುವವರಿಗೆ ನನ್ನ ಶಿಫಾರಸು ಇಷ್ಟು. ಹತ್ತನೆಯ ಪ್ರಶ್ನೆ ಇರುವ ಪ್ರತಿಯನ್ನೇ ಇಳಿಸಿಕೊಳ್ಳಿ. ಅಂಕ ತೋರಿಸಿದ ಕೂಡಲೇ ಪ್ಯಾಕೇಜ್ ಮಾರುವ ಆ್ಯಪ್‌ಗಳಲ್ಲಿ ತುಂಬಬೇಡಿ, ನಿಮ್ಮ ಉತ್ತರಗಳು ಎಲ್ಲಿ ಶೇಖರವಾಗುತ್ತವೆ ಎಂಬುದೂ ಅಲ್ಲಿ ತಿಳಿಯುವುದು ಕಷ್ಟ. ಕಾಗದದ ಮೇಲೆ ತುಂಬಿ, ಅದರ ಹಿಂಬದಿಯಲ್ಲಿ ಈಚಿನ ತಿಂಗಳುಗಳಲ್ಲಿ ಏನೇನಾಯಿತು, ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ, ಮೈಯಲ್ಲಿ ಎಲ್ಲಿ ನೋವಿದೆ ಎಂದು ನಿಮ್ಮ ಮಾತಿನಲ್ಲೇ ನಾಲ್ಕು ಸಾಲು ಬರೆದು, ನಿಮ್ಮನ್ನು ಬಲ್ಲ ವೈದ್ಯರ ಬಳಿ ಎರಡೂ ಬದಿಗಳನ್ನು ತೋರಿಸಿ. ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದೆ ಬೇರೆ ಉತ್ತರ ಬಂದಿದ್ದರೆ ಮೊತ್ತ ಕೂಡುತ್ತ ಕೂರಬೇಡಿ, ಹತ್ತಿರದವರೊಬ್ಬರಿಗೆ ಆಗಲೇ ಹೇಳಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.